ಮಗನಿಗೆ 16, ನಮಗೆ 45: ಕಲಬುರಗಿಯ ಒಂದು ಭಾನುವಾರದ ಕ್ಲಾಸಿನ ಬಗ್ಗೆ

ನೇರವಾಗಿ ಹೇಳಿಬಿಡುತ್ತೇನೆ. ಹರೆಯದಿಂದ ನಡುವಯಸ್ಸಿನವರೆಗೆ ಮೈ ಮನಸ್ಸು ಹೇಗೆ ಬದಲಾಗುತ್ತದೆ ಅಂತ ದೊಡ್ಡವರಿಗೆ ಹೇಳಿಕೊಡುವ ಕ್ಲಾಸು ಇದು. ಮನೆಯಲ್ಲಿ ಹರೆಯಕ್ಕೆ ಬಂದ ಮಕ್ಕಳಿದ್ದು ನೀವೂ ನಲವತ್ತು ದಾಟಿದ್ದರೆ ಸೇರಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಹೋದರೆ ಇನ್ನೂ ಒಳ್ಳೆಯದು. ಕೆಲವು ಕೊರತೆಗಳಿವೆ, ಅವನ್ನೂ ಮುಂದೆ ಬರೆದಿದ್ದೇನೆ. ಆದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕ್ಲಾಸು ನಡೆಯುವುದು ಸೇಡಂ ರಸ್ತೆ ಕಡೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಭಾನುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ, ಎರಡು ತಿಂಗಳು. ಒಬ್ಬರಿಗೆ 1500 ರೂಪಾಯಿ, ಗಂಡ ಹೆಂಡತಿ ಜೊತೆಗೆ ಬಂದರೆ 2000. ನಡುವೆ ಚಹಾ, ಸುಸಲಾ, ಮಿರ್ಚಿ ಕೊಡುತ್ತಾರೆ. ಪಾಠ ಮಾಡುವವರು ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಮೇಡಂ. ತಮ್ಮ ಹೆಸರು ಹಾಕುವುದು ಬೇಡ ಅಂದಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಬೇಕಾದವರು ಮೆಸೇಜ್ ಮಾಡಿ, ವಿಳಾಸ ಕಳಿಸುತ್ತೇನೆ.

ನಮ್ಮ ಊರಲ್ಲಿ ಕ್ಲಾಸುಗಳಿಗೇನೂ ಬರಗಾಲವಿಲ್ಲ. ನೀಟ್, ಕೆಸಿಇಟಿ, ಪಿಎಸ್‌ಐ, ಎಫ್‌ಡಿಎ, ಯಾವುದಕ್ಕೆ ಬೇಕಾದರೂ ಬೋರ್ಡು ಇದೆ. ಮಕ್ಕಳ ವ್ಯಕ್ತಿತ್ವ ವಿಕಸನ ಅಂತ ಬೇಸಿಗೆ ಶಿಬಿರಗಳೂ ನಡೆಯುತ್ತವೆ. ಅಲ್ಲೆಲ್ಲ ಲೆಕ್ಕ ಒಂದೇ: ಮಗುವನ್ನು ಬಿಟ್ಟು ಹೋಗಿ, ಸರಿ ಮಾಡಿ ವಾಪಸ್ ಕೊಡುತ್ತೇವೆ. ಇಲ್ಲಿ ಮೇಡಂ ಮಕ್ಕಳನ್ನು ಸೇರಿಸಿಕೊಳ್ಳುವುದೇ ಇಲ್ಲ. 21 ತುಂಬಿದವರಿಗಷ್ಟೇ ಪ್ರವೇಶ. ಮೊದಲ ದಿನ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಈ ತುದಿಗೆ 10, ಆ ತುದಿಗೆ 65. ನಿಮ್ಮ ಮಕ್ಕಳ ವಯಸ್ಸಿಗೊಂದು, ನಿಮ್ಮ ವಯಸ್ಸಿಗೊಂದು ಗುರುತು ಹಾಕಿ ಬನ್ನಿ ಅಂದರು. ಒಬ್ಬೊಬ್ಬರೇ ಎದ್ದು ಹೋಗಿ ಹಾಕಿದೆವು. ನೋಡಿದರೆ ಗುರುತುಗಳೆಲ್ಲ ಎರಡೇ ಜಾಗದಲ್ಲಿ ಒತ್ತಾಗಿ ಬಿದ್ದಿವೆ. 13ರಿಂದ 19ರ ನಡುವೆ ಒಂದು ಗುಂಪು, 40ರಿಂದ 50ರ ನಡುವೆ ಇನ್ನೊಂದು.

"ಈ ಕಡೆಯೂ ದೇಹ ಬದಲಾಗ್ತಿದೆ, ಆ ಕಡೆಯೂ ಬದಲಾಗ್ತಿದೆ. ಎರಡೂ ಕಡೆ ನಿದ್ದೆ ಕೆಟ್ಟಿದೆ. ಎರಡೂ ಕಡೆ ಮುಂದೇನು ಅನ್ನೋ ಪ್ರಶ್ನೆ ಎದ್ದಿದೆ. ಎರಡೂ ಒಂದೇ ಮನೆಯೊಳಗೆ, ಒಂದೇ ಸಮಯಕ್ಕೆ. ಜಗಳ ಆಗದೆ ಇನ್ನೇನಾಗುತ್ತೆ?" ಅಂದರು ಮೇಡಂ.

ಇಡೀ ಕೋರ್ಸಿನ ತಿರುಳು ಇದೇ. ಬೇರೆ ಕಡೆ ಹರೆಯವನ್ನು ಒಂದು ಕಾಯಿಲೆ ಅನ್ನೋ ಹಾಗೆ ಬಿಡಿಸಿ ಇಟ್ಟು ಮಾತಾಡುತ್ತಾರೆ. ಇಲ್ಲಿ ಮಗನ ಹದಿನಾರನ್ನೂ ನಮ್ಮ ನಲವತ್ತೈದನ್ನೂ ಒಂದೇ ಬೋರ್ಡಿನ ಮೇಲೆ ಇಟ್ಟು ಓದಿಸುತ್ತಾರೆ. ನನಗೆ ಇದು ಬಹಳ ಹಿಡಿಸಿತು.

ಹರೆಯದ ಪಾಠಗಳು ಅತ್ಯುತ್ತಮವಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 10ರಿಂದ 19 ವರ್ಷದವರನ್ನು ಹದಿಹರೆಯದವರು ಅನ್ನುತ್ತದೆ. ನಾವೆಲ್ಲ ಮೀಸೆ ಬಂದ ಮೇಲೆ, ಮೈ ನೆರೆದ ಮೇಲೆ ಹರೆಯ ಅಂದುಕೊಂಡಿರುತ್ತೇವೆ ಅಲ್ವಾ? ಆದರೆ ಅದು ಶುರುವಾಗುವುದು ಮಿದುಳಿನಲ್ಲಿ. ಹೈಪೋಥಾಲಮಸ್ ಅನ್ನುವ ಸಣ್ಣ ಭಾಗ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅಲ್ಲಿಂದ ಅಂಡಾಶಯಕ್ಕೋ ವೃಷಣಕ್ಕೋ ಸೂಚನೆ ಹೋಗುತ್ತದೆ, ಆಮೇಲೆ ಹೊರಗೆ ಕಾಣುವ ಬದಲಾವಣೆಗಳು. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ ಹುಡುಗರಿಗಿಂತ ಒಂದೆರಡು ವರ್ಷ ಮೊದಲೇ ಆಗುತ್ತದೆ. ಎತ್ತರ ಒಮ್ಮೆಲೇ ಏರುವಾಗ ಮೊದಲು ಬೆಳೆಯುವುದು ಕೈ ಕಾಲು. ಮೈ ಆಮೇಲೆ ಹಿಂದಿನಿಂದ ಬರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗ ಲೋಟ ಬೀಳಿಸುತ್ತಾನೆ, ಹೊಸ್ತಿಲಿಗೆ ಎಡವುತ್ತಾನೆ, ಚಪ್ಪಲಿ ಆರು ತಿಂಗಳಿಗೆ ಸಾಲುವುದಿಲ್ಲ. ಮೈಮೇಲೆ ಎಚ್ಚರ ಇಲ್ಲ ಅಂತ ಬೈಯುತ್ತೇವೆ. ತನ್ನ ಕೈ ಎಷ್ಟು ಉದ್ದ ಅನ್ನೋದು ಅವನಿಗೇ ಇನ್ನೂ ರೂಢಿಯಾಗಿರುವುದಿಲ್ಲ.

ನಿದ್ದೆಯ ಪಾಠವೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅನ್ನಬೇಕು. ನಿದ್ದೆ ತರಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಹರೆಯದಲ್ಲಿ ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಚಿಕ್ಕವನಿದ್ದಾಗ ಒಂಬತ್ತಕ್ಕೆ ಮಲಗುತ್ತಿದ್ದ ಹುಡುಗನಿಗೆ ಈಗ ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಮೊಬೈಲಿನ ಬೆಳಕು ಅದನ್ನು ಇನ್ನಷ್ಟು ತಡ ಮಾಡುತ್ತದೆ. ಇದು ನಿಜ. ಆದರೆ ಮೊಬೈಲ್ ಕಿತ್ತುಕೊಂಡ ಮಾತ್ರಕ್ಕೆ ದೇಹದ ಗಡಿಯಾರ ವಾಪಸ್ ಹೋಗುವುದಿಲ್ಲ. ಇಷ್ಟಾಗಿಯೂ ಆ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಮ್ಮ ಮನೆಯಲ್ಲಿ ಇದೇ ದಿನದ ಜಗಳ. ನಮ್ಮತ್ತೆಯವರು, "ನಾವು ನಸುಕಿನ್ಯಾಗ ಎದ್ದು ಬೀಸಿ, ನೀರು ತರ್ತಿದ್ವಿ. ಈಗಿನ ಹುಡುಗರಿಗೆ ಮೈಗಳ್ಳತನ" ಅನ್ನುತ್ತಾರೆ. ಮಗ "ಮಮ್ಮಿ, ನನಗ ನಿದ್ದಿನೇ ಬರಲ್ಲ, ಏನ್ ಮಾಡ್ಲಿ?" ಅಂತಾನೆ. ಮೇಲೆ ಅವನ ಕೋಚಿಂಗ್ ಕ್ಲಾಸು ಬೆಳಿಗ್ಗೆ ಆರಕ್ಕೆ ಶುರು. ಆ ಕೋಚಿಂಗಿನವರನ್ನು ಹೋಗಿ ಕೇಳಿದೆವು, ಏಳಕ್ಕಾದರೂ ಮಾಡಿ ಅಂತ. ಬೇಗ ಏಳುವವರೇ ರ‍್ಯಾಂಕ್ ತೆಗೆಯುತ್ತಾರೆ ಅಂತ ಕಳಿಸಿಬಿಟ್ಟರು. ಮೂವತ್ತು ನಲವತ್ತು ಮಕ್ಕಳು ಆರು ಗಂಟೆಗೆ ಫಿಸಿಕ್ಸ್ ಕೇಳುತ್ತಾ ತೂಕಡಿಸುತ್ತಿರುತ್ತಾರೆ. ಅವರ ತಂದೆ ತಾಯಿಯರೂ ದುಡ್ಡು ಕಟ್ಟಿಯೇ ಕಳಿಸಿದ್ದಾರೆ. ನನಗೆ ಈ ವಿಷಯದಲ್ಲಿ ತುಂಬಾ ಸಿಟ್ಟಿದೆ. ಊರಿನ ಕೋಚಿಂಗ್ ನಡೆಸುವವರೆಲ್ಲ ಮೊದಲು ಈ ಪಾಠಕ್ಕೆ ಬಂದು ಕೂರಬೇಕು.

ಗೆಳೆಯರ ಪ್ರಭಾವದ ಪಾಠವೂ ಚೆನ್ನಾಗಿತ್ತು. ಅಮೆರಿಕದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೇಳಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹರೆಯದವರು, ಇಪ್ಪತ್ತರ ಆಸುಪಾಸಿನವರು, ದೊಡ್ಡವರು, ಹೀಗೆ ಮೂರು ಗುಂಪು. ಕೆಲವರು ಒಬ್ಬರೇ ಆಡಿದರು, ಕೆಲವರು ತಮ್ಮ ವಯಸ್ಸಿನವರು ಪಕ್ಕದಲ್ಲಿ ನೋಡುತ್ತಿರುವಾಗ ಆಡಿದರು. ದೊಡ್ಡವರಿಗೆ ಯಾರಾದರೂ ನೋಡುತ್ತಿದ್ದರೂ ಅಂಥ ವ್ಯತ್ಯಾಸ ಆಗಲಿಲ್ಲ. ಹರೆಯದವರು, ಇಪ್ಪತ್ತರ ಆಸುಪಾಸಿನವರು ಮಾತ್ರ ಗೆಳೆಯರ ಮುಂದೆ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ಸುಖ, ರೋಮಾಂಚನ, ಮೆಚ್ಚುಗೆಗೆ ಸ್ಪಂದಿಸುವ ಮಿದುಳಿನ ಭಾಗ ಈ ವಯಸ್ಸಿಗೆ ಚುರುಕಾಗಿರುತ್ತದೆ. ಮುಂದೆ ಏನಾದೀತು ಅಂತ ತೂಗಿ ನೋಡುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದಕ್ಕೆ ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ರಿಂಗ್ ರೋಡಿನಲ್ಲಿ ಒಂದೇ ಬೈಕಿನ ಮೇಲೆ ಮೂವರು ಕೂತು ಹೋಗುವ ಹುಡುಗರನ್ನು ನೋಡಿ. ಅದೇ ಹುಡುಗನನ್ನು ಒಬ್ಬನೇ ಕಿರಾಣಿ ಅಂಗಡಿಗೆ ಕಳಿಸಿ, ನೆಟ್ಟಗೆ ಹೋಗಿ ನೆಟ್ಟಗೆ ಬರುತ್ತಾನೆ. ಹೀಗಂತ ಬೈಕಿನ ಕೀಲಿ ಕೊಟ್ಟುಬಿಡಿ ಅಂತ ಮೇಡಂ ಹೇಳಲಿಲ್ಲ. ಬುದ್ಧಿ ಹೇಳಿದ್ದಷ್ಟೇ ಸಾಲದು, ಮೂವರೂ ಸೇರುವ ಹೊತ್ತಿಗೆ ಕೀಲಿ ಎಲ್ಲಿದೆ ಅಂತ ನೋಡಿಕೊಳ್ಳಿ ಅಂದರು. ಇಂಥ ನೇರ ಮಾತುಗಳೇ ಈ ಕ್ಲಾಸಿನ ಬಲ.

ಕನ್ನಡಿ ಮುಂದೆ ಅರ್ಧ ಗಂಟೆ ನಿಲ್ಲುವುದು, ಒಂದು ಮೊಡವೆ ಎದ್ದರೆ ಕಾಲೇಜಿಗೆ ಹೋಗಲ್ಲ ಅನ್ನುವುದು, ಇದರ ಬಗ್ಗೆ ಎಲ್ಕೈಂಡ್ ಅನ್ನುವ ಮನಶ್ಶಾಸ್ತ್ರಜ್ಞರು 1967ರಲ್ಲೇ ಬರೆದಿದ್ದಾರಂತೆ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅಂತ ಆ ವಯಸ್ಸಿನಲ್ಲಿ ಮನಸ್ಸಿಗೆ ಅನ್ನಿಸುತ್ತದೆ. ಬೇರೆಯವರ ತಲೆಯಲ್ಲಿ ಏನಿದೆ ಅಂತ ಊಹಿಸುವ ಶಕ್ತಿ ಆಗಷ್ಟೇ ಬೆಳೆಯುತ್ತಿರುತ್ತದೆ, ಊಹೆ ಮಾತ್ರ ಅಳತೆ ತಪ್ಪುತ್ತದೆ. ಹಾಗಿರುವಾಗ ನೆಂಟರ ಮುಂದೆ ಮಾರ್ಕ್ಸ್ ಎತ್ತಿ ಆಡಬೇಡಿ ಅಂದರು ಮೇಡಂ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಎಷ್ಟೋ ಸಲ ನಮ್ಮ ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೆಸರು ಪಟ್ಟಿಯ ತಳದಲ್ಲಿ ಕಾಣುತ್ತದೆ. ಆ ವಾರ ಮನೆ ಮನೆಯಲ್ಲಿ ಎಂಥ ಮಾತು ನಡೆಯುತ್ತವೆ ಅಂತ ಬೇರೆ ಹೇಳಬೇಕಿಲ್ಲ. ಎಲ್ಲರೂ ನೋಡುತ್ತಿದ್ದಾರೆ ಅಂತ ಮೊದಲೇ ಕುಗ್ಗಿರುವ ಹುಡುಗಿಯ ಮುಂದೆ ನಿಜವಾಗಿಯೂ ಎಲ್ಲರನ್ನೂ ಕೂರಿಸಿ ಬೈದರೆ ಅವಳ ಗತಿ ಏನು?

ನಾನು ಯಾರು ಅನ್ನುವ ಪ್ರಶ್ನೆಗೆ ಒಂದಿಡೀ ಭಾನುವಾರ ಕೊಟ್ಟಿದ್ದರು. ಎರಿಕ್ ಎರಿಕ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮನುಷ್ಯನ ಬದುಕನ್ನು ಎಂಟು ಹಂತ ಮಾಡಿದ್ದಾರೆ. ಅದರಲ್ಲಿ ಐದನೆಯದು ಹರೆಯ. ಆ ಹಂತದ ಕೆಲಸವೇ ತಾನು ಯಾರು ಅಂತ ಕಂಡುಕೊಳ್ಳುವುದು. 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಎರಿಕ್ಸನ್ ಅವರಿಗೆ ಹೆತ್ತ ತಂದೆ ಯಾರು ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆಯ ಅಡ್ಡಹೆಸರಿನಲ್ಲಿ ಬೆಳೆದರು. ಅಮೆರಿಕಕ್ಕೆ ಹೋಗಿ ನೆಲೆಸಿದ ಮೇಲೆ ಎರಿಕ್ಸನ್ ಅನ್ನುವ ಹೆಸರನ್ನು ತಾವೇ ಇಟ್ಟುಕೊಂಡರು. ಮೇಡಂ ಇದನ್ನು ಹೇಳಿದ ಮೇಲೆ ಆ ಹಂತಗಳ ಪಟ್ಟಿ ಬರೀ ಪರೀಕ್ಷೆಗೆ ಬಾಯಿಪಾಠ ಮಾಡುವ ಸರಕಾಗಿ ಉಳಿಯಲಿಲ್ಲ.

ಆಮೇಲೆ ಜೇಮ್ಸ್ ಮಾರ್ಷಿಯಾ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಇದನ್ನೇ ನಾಲ್ಕು ಭಾಗ ಮಾಡಿದ್ದು. ಹುಡುಕಾಟವೂ ಇಲ್ಲ, ತೀರ್ಮಾನವೂ ಇಲ್ಲ. ಹುಡುಕಾಟ ಇಲ್ಲದೇ ತೀರ್ಮಾನ ಆಗಿಹೋಗಿದೆ. ಹುಡುಕಾಟ ನಡೆದಿದೆ, ತೀರ್ಮಾನ ಇನ್ನೂ ಆಗಿಲ್ಲ. ಹುಡುಕಿ ತೀರ್ಮಾನಕ್ಕೆ ಬಂದಿದ್ದಾರೆ. ಈ ನಾಲ್ಕನ್ನೂ ಬೋರ್ಡಿನ ಮೇಲೆ ಬರೆದು, ನಿಮಗೆ 16 ಇದ್ದಾಗ ನೀವು ಇವುಗಳಲ್ಲಿ ಯಾವುದರಲ್ಲಿದ್ದಿರಿ, ನಿಮ್ಮ ಪರವಾಗಿ ತೀರ್ಮಾನ ಮಾಡಿದವರು ಯಾರು, ಒಂದು ಸಾಲು ಬರೆಯಿರಿ ಅಂತ ಚೀಟಿ ಹಂಚಿದರು. ನಮ್ಮ ಬ್ಯಾಚಿನಲ್ಲಿ ದಾಲ್ ಮಿಲ್ ನಡೆಸುವ ಒಬ್ಬರು ಅಣ್ಣಾ ಇದ್ದರು. ಐವತ್ತರ ಹತ್ತಿರ ಇರಬೇಕು. ಅಂಗಿ ಜೇಬಿನ ಪೆನ್ನು ತೆಗೆದು, ಕ್ಯಾಪು ಹಾಕಿ, ಮತ್ತೆ ತೆಗೆದು, ಕಡೆಗೆ ಚೀಟಿ ಖಾಲಿಯೇ ಇಟ್ಟು ಎದ್ದು ನಿಂತರು. "ನನಗ ಹರೇನೇ ಬರ್ಲಿಲ್ರೀ ಮೇಡಂ. ಹದಿನಾಲ್ಕಕ್ಕ ಅಪ್ಪ ತೀರ್ಕೊಂಡ. ಮಿಲ್ಲಿಗಿ ಹೋಗಿ ಕುಂತೆ. ಈಗ ಮಗ ಡಿಸೈನ್ ಕಲೀತೀನಿ ಅಂತಾನ. ನನಗ ಅವನ ಮ್ಯಾಲ ಸಿಟ್ಟು ಬರ್ತದ, ಯಾಕ ಅಂತ ತಿಳೀವಲ್ದು" ಅಂದರು. ಮೇಡಂ ಅವಸರ ಮಾಡಲಿಲ್ಲ. "ಅಣ್ಣಾರ, ಹರೆಯ ಬಂದಿತ್ತು. ನಿಮಗೆ ಅದನ್ನ ನೋಡೋಕೆ ಬಿಡುವಿರಲಿಲ್ಲ. ಆ ಪ್ರಶ್ನೆ ಆಗ ಕೇಳದಿದ್ದರೆ ಹೋಗಿಬಿಡೋದಿಲ್ಲ. ಈಗ ಮಗ ಕೇಳ್ತಿರೋದನ್ನ ನೋಡಿ ನಿಮ್ಮೊಳಗೂ ಎದ್ದಿದೆ. ಮಾರ್ಷಿಯಾ ಹೇಳಿದ್ದು ಒಂದೇ ಸಲ ಹತ್ತುವ ಮೆಟ್ಟಿಲಲ್ಲ, ನಲವತ್ತು ಐವತ್ತರಲ್ಲೂ ಜನ ಮತ್ತೆ ಹುಡುಕಾಟಕ್ಕೆ ಇಳೀತಾರೆ" ಅಂದರು. ಅವರು ಕೂತರು. ಚಹಾಕ್ಕೆ ಬಿಟ್ಟಾಗ ನಮ್ಮ ಯಜಮಾನರು ಅವರ ಪಕ್ಕ ಹೋಗಿ ಕೂತಿದ್ದರು. ನಮ್ಮ ಮನೆಯವರೂ ಪಿಯುಸಿ ಮುಗಿದ ತಕ್ಷಣ ಕೆಲಸಕ್ಕೆ ಸೇರಿದವರೇ.

ಇಂಥ ಮಾತು ಆಡುವುದಕ್ಕೆ ನಮ್ಮಲ್ಲಿ ಗಂಡಸರಿಗೆ ಬೇರೆ ಜಾಗ ಎಲ್ಲಿದೆ ಹೇಳಿ? ಅದಕ್ಕೇ ನಾನು ಗಂಡಸರನ್ನೂ ಕರೆದುಕೊಂಡು ಹೋಗಿ ಅನ್ನುತ್ತಿರುವುದು.

ಈಗ ಕೊರತೆಗಳ ಮಾತು. 20ರಿಂದ 40ರವರೆಗಿನ ವಯಸ್ಸನ್ನು ಒಂದೇ ಭಾನುವಾರದಲ್ಲಿ ಮುಗಿಸಿಬಿಟ್ಟರು. ಎರಿಕ್ಸನ್ ಪ್ರಕಾರ ಅದು ಆಪ್ತತೆಯ ಹಂತ, ಇನ್ನೊಬ್ಬರ ಜೊತೆ ಬದುಕು ಹಂಚಿಕೊಳ್ಳುವುದನ್ನು ಕಲಿಯುವ ಕಾಲ. ಮೂಳೆಗಳು ತಮ್ಮ ಪೂರ್ತಿ ಬಲ ಮುಟ್ಟುವುದು ಮೂವತ್ತರ ಒಳಗೆ. ಜೆಫ್ರಿ ಆರ್ನೆಟ್ ಅನ್ನುವವರು 2000ರಲ್ಲಿ, 18ರಿಂದ 25ರವರೆಗಿನದ್ದನ್ನೇ ಬೇರೆ ಹಂತ ಅಂತ ಹೇಳಿದ್ದು. ಹರೆಯ ಮುಗಿದಿದೆ, ದೊಡ್ಡವರಾಗಿದ್ದೇವೆ ಅಂತ ಇನ್ನೂ ಅನ್ನಿಸುವುದಿಲ್ಲ, ಕೆಲಸ ಸಂಬಂಧ ಎಲ್ಲವನ್ನೂ ಪರೀಕ್ಷೆ ಮಾಡಿ ನೋಡುವ ಕಾಲ. ಇಷ್ಟು ಹೇಳಿ ಮುಂದಕ್ಕೆ ಹೋದರು. ನನಗೆ ಇದು ಸಾಲಲಿಲ್ಲ. ಆ ಮಾತು ಅಮೆರಿಕದ ಹುಡುಗ ಹುಡುಗಿಯರನ್ನು ನೋಡಿ ಬಂದದ್ದು. ನಮ್ಮ ಊರಿನಲ್ಲಿ ತಿಂಗಳ ಬಾಡಿಗೆಯ ರೀಡಿಂಗ್ ರೂಮುಗಳಲ್ಲಿ 28, 30 ವರ್ಷದ ಹುಡುಗರು ಇನ್ನೂ ಪಿಡಿಒ, ಕೆಎಎಸ್ ಅಂತ ಓದುತ್ತಾ ಕೂತಿದ್ದಾರೆ. ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿಯಲ್ಲಿ ಒಂದು ಹುದ್ದೆ ಸಿಕ್ಕೀತು ಅನ್ನೋ ಆಸೆ. ಊರಿಗೆ ಹೋದರೆ ಮದುವೆ ಮಾತು, ಇಲ್ಲಿದ್ದರೆ ಮನೆಯಿಂದ ದುಡ್ಡು ತರಿಸಿಕೊಳ್ಳುವ ಸಂಕಟ. ಅವರ ಹುಡುಕಾಟ 25ಕ್ಕೆ ಎಲ್ಲಿ ಮುಗಿಯಿತು? ಇನ್ನೊಂದು ಕಡೆ ಹಳ್ಳಿಗಳಲ್ಲಿ 18 ತುಂಬುವುದನ್ನೇ ಕಾಯ್ದು, ಎಷ್ಟೋ ಕಡೆ ತುಂಬುವ ಮೊದಲೇ ಕಾನೂನು ಮೀರಿ, ಹುಡುಗಿಯರಿಗೆ ಮದುವೆ ಮಾಡುತ್ತಾರೆ. ಶಾಲೆ ಬಿಟ್ಟು ಅಪ್ಪ ಅವ್ವನ ಜೊತೆ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ಮಕ್ಕಳಿದ್ದಾರೆ. ಅವರಿಗೆ ಹುಡುಕಾಟದ ಕಾಲವೇ ಸಿಗುವುದಿಲ್ಲ. ಈ ಎರಡು ಗುಂಪನ್ನು ಮುಂದಿಟ್ಟುಕೊಂಡು ಒಂದು ಭಾನುವಾರ ಪೂರ್ತಿ ಚರ್ಚೆ ಆಗಬೇಕಿತ್ತು. ಕ್ಲಾಸು ಮುಗಿದ ಮೇಲೆ ಮೇಡಂ ಹತ್ತಿರ ಇದನ್ನು ಹೇಳಿದೆ. ಮುಂದಿನ ಬ್ಯಾಚಿಗೆ ಎರಡು ಭಾನುವಾರ ಇಡುತ್ತೇನೆ ಅಂದಿದ್ದಾರೆ. ಇಡಲೇಬೇಕು.

ನಡುವಯಸ್ಸಿನ ಪಾಠಕ್ಕೆ ಬರೋಣ. ಶುರು ಮಾಡಿದ ರೀತಿ ನನಗೆ ಬಹಳ ಇಷ್ಟವಾಯಿತು. ಒಂದು ಖಾಲಿ ಮಾತ್ರೆ ಪಟ್ಟಿಯನ್ನು ಮುಂದಿನ ಸಾಲಿಗೆ ಕೊಟ್ಟು, ಹಿಂದಿನ ಸಣ್ಣ ಅಕ್ಷರ ಓದಿ, ಕನ್ನಡಕ ಹಾಕಬೇಡಿ ಅಂದರು. ಮೂವತ್ತರ ಒಳಗಿನ ಇಬ್ಬರು ಶಿಕ್ಷಕಿಯರು ಮುಖದ ಹತ್ತಿರವೇ ಹಿಡಿದು ಓದಿ ಮುಂದೆ ದಾಟಿಸಿದರು. ಅಲ್ಲಿಂದ ಆಚೆ ಪಟ್ಟಿ ಯಾರ ಕೈಗೆ ಹೋದರೂ ಮೊಣಕೈ ನೆಟ್ಟಗಾಗುತ್ತಿತ್ತು, ಕುತ್ತಿಗೆ ಹಿಂದಕ್ಕೆ ಹೋಗುತ್ತಿತ್ತು. ಒಬ್ಬರು ಕಿಟಕಿ ಬೆಳಕಿಗೆ ತಿರುಗಿಸಿ ನೋಡಿದರು. ಕಣ್ಣಿನ ಮಸೂರ ವಯಸ್ಸಾದಂತೆ ಗಟ್ಟಿಯಾಗುತ್ತಾ ಹೋಗುತ್ತದೆ, ಹತ್ತಿರದ್ದಕ್ಕೆ ಬೇಕಾದಷ್ಟು ಉಬ್ಬುವುದಿಲ್ಲ. ನಲವತ್ತರ ನಂತರ ಹೆಚ್ಚುಕಡಿಮೆ ಎಲ್ಲರಿಗೂ ಇದು ಬರುತ್ತದೆ. ಮಗನಿಗೆ ಮೀಸೆ ಚಿಗುರುವುದು ಹೇಗೆ ತಪ್ಪಲ್ಲವೋ ಇದೂ ಹಾಗೆ, ನಾಚಿಕೆ ಪಡದೆ ಕನ್ನಡಕ ಮಾಡಿಸಿಕೊಳ್ಳಿ ಅಂದರು.

ನಲವತ್ತಾದರೆ ಬುದ್ಧಿ ಮಂಕಾಗುತ್ತದೆ ಅನ್ನುವ ಮಾತಿಗೂ ಸರಿಯಾದ ಉತ್ತರ ಸಿಕ್ಕಿತು. ವಾರ್ನರ್ ಶೈ ಅನ್ನುವವರು 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಶುರು ಮಾಡಿದ ಅಧ್ಯಯನ ಇದೆ. ಒಂದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೋದರು. ಕಂಡದ್ದನ್ನು ಗಬಕ್ಕನೆ ಗುರುತಿಸುವ ವೇಗ ಚಿಕ್ಕ ವಯಸ್ಸಿನಿಂದಲೇ ಇಳಿಯುತ್ತಾ ಬರುತ್ತದೆ. ಆದರೆ ಪದಸಂಪತ್ತು, ನಾಲ್ಕು ಸಂಗತಿ ನೋಡಿ ಒಂದು ತೀರ್ಮಾನಕ್ಕೆ ಬರುವ ಶಕ್ತಿ ನಡುವಯಸ್ಸಿನಲ್ಲೇ ಮೇಲ್ಮಟ್ಟದಲ್ಲಿರುತ್ತವೆ. ನಾನು ಕಚೇರಿಯಲ್ಲಿ ಕೆಲಸ ಮಾಡುವವಳು. ಹೊಸ ಸಾಫ್ಟ್‌ವೇರ್ ಬಂದರೆ ಹೊಸದಾಗಿ ಸೇರಿದ ಹುಡುಗರು ಎರಡೇ ದಿನದಲ್ಲಿ ಕಲಿಯುತ್ತಾರೆ, ನಮಗೆ ವಾರ ಬೇಕು. ಅದೇ ಒಂದು ಫೈಲು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮೊದಲ ಪುಟ ನೋಡಿಯೇ ಹೇಳುವವರು ನಮ್ಮ ವಯಸ್ಸಿನವರೇ. ಇದಕ್ಕೂ ಒಂದು ಅಧ್ಯಯನದ ಆಧಾರ ಇದೆ ಅಂತ ಗೊತ್ತಾಗಿ ಮನಸ್ಸಿಗೆ ಧೈರ್ಯ ಬಂತು.

ನಡುವಯಸ್ಸಿನ ಬಿಕ್ಕಟ್ಟು, ಅಂದರೆ ಅರ್ಧ ಬದುಕು ಮುಗಿದೇ ಹೋಯಿತು ಅನ್ನುವ ತಳಮಳ. ಈ ಮಾತನ್ನು ಎಲಿಯಟ್ ಜಾಕ್ಸ್ ಅನ್ನುವ ಮನೋವಿಶ್ಲೇಷಕರು 1965ರಲ್ಲಿ ಬಳಕೆಗೆ ತಂದರಂತೆ. ಆಮೇಲೆ ಅದು ಸಿಕ್ಕಾಪಟ್ಟೆ ಹರಡಿತು. ನಿಜಕ್ಕೂ ದೊಡ್ಡ ಸಂಖ್ಯೆಯ ಜನರನ್ನು ಕೇಳಿ ನೋಡಿದ ಅಧ್ಯಯನಗಳಲ್ಲಿ ಇದು ಎಲ್ಲರಿಗೂ ಬರುವ ಹಂತವಲ್ಲ, ಕಡಿಮೆ ಜನಕ್ಕೆ ಮಾತ್ರ ಬರುತ್ತದೆ ಅಂತ ಕಂಡಿದೆ. ಅದೂ ಎಷ್ಟೋ ಸಲ ವಯಸ್ಸಿನಿಂದಲ್ಲ, ಕೆಲಸ ಹೋದದ್ದು, ಕಾಯಿಲೆ, ಮನೆಯಲ್ಲಿ ಸಾವು, ಇಂಥ ಹೊಡೆತದಿಂದ. ಈ ವಯಸ್ಸಿನ ನಿಜವಾದ ಭಾರ ಬೇರೆ. ಮೇಲೆ ಅತ್ತೆ ಮಾವ, ಅಪ್ಪ ಅವ್ವ. ಕೆಳಗೆ ಮಕ್ಕಳು. ಇಬ್ಬರಿಗೂ ಒಂದೇ ವಾರ ಜ್ವರ ಬಂದರೆ ರಜೆ ಹಾಕುವವರು ಯಾರು ಅಂತ ಮೇಡಂ ಕೇಳಿದಾಗ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎರಿಕ್ಸನ್ ಹೇಳಿದ ಏಳನೇ ಹಂತ ಇದು. ಮುಂದಿನವರಿಗಾಗಿ ಏನಾದರೂ ಬೆಳೆಸಬೇಕು, ಕಲಿಸಬೇಕು, ಬಿಟ್ಟು ಹೋಗಬೇಕು ಅನ್ನುವ ಹಂಬಲ. ಅದಕ್ಕೆ ದಾರಿ ಸಿಗದಿದ್ದರೆ ಮನುಷ್ಯ ನಿಂತ ನೀರಾಗುತ್ತಾನೆ. ದಾಲ್ ಮಿಲ್ಲಿನ ಅಣ್ಣಾರ ಸಿಟ್ಟು ಏನು ಅಂತ ನನಗೆ ಆ ದಿನ ಇನ್ನೂ ಚೆನ್ನಾಗಿ ತಿಳಿಯಿತು. ಮೂವತ್ತೈದು ವರ್ಷ ಕಟ್ಟಿದ ಮಿಲ್ಲನ್ನು ಕೈಗೆ ಕೊಡಬೇಕು ಅನ್ನುವುದು ಅವರ ವಯಸ್ಸಿನ ಕೆಲಸ. ಬೇಡ, ನನ್ನದು ನಾನೇ ಹುಡುಕುತ್ತೇನೆ ಅನ್ನುವುದು ಮಗನ ವಯಸ್ಸಿನ ಕೆಲಸ. ಇಬ್ಬರೂ ತಮ್ಮ ತಮ್ಮ ವಯಸ್ಸಿಗೆ ತಕ್ಕದ್ದನ್ನೇ ಮಾಡುತ್ತಿದ್ದಾರೆ. ಕಲಿಸಬೇಕು ಅನ್ನುವ ಹಂಬಲ ಸ್ವಂತ ಮಗನ ಮೇಲೆಯೇ ತೀರಬೇಕು ಅಂತೇನಿಲ್ಲ, ಮಿಲ್ಲಿನಲ್ಲಿ ಕೆಲಸ ಕಲಿಯುವ ಹುಡುಗರಿಲ್ಲವಾ ಅಂತ ಮೇಡಂ ಕೇಳಿದ ಪ್ರಶ್ನೆ ಅವರಿಗೆ ತಟ್ಟಿದ ಹಾಗೆ ಕಂಡಿತು.

ನನ್ನ ದೊಡ್ಡ ತಕರಾರು ಮುಟ್ಟು ನಿಲ್ಲುವ ಪಾಠದ ಬಗ್ಗೆ. ಅರ್ಧ ಗಂಟೆಯೂ ಕೊಡಲಿಲ್ಲ. ಪೂರ್ತಿ 12 ತಿಂಗಳು ಮುಟ್ಟು ಬರದಿದ್ದರೆ ನಿಂತಿದೆ ಅಂತ ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಸರಾಸರಿ 51ರ ಸುತ್ತಮುತ್ತ, ನಮ್ಮ ದೇಶದಲ್ಲಿ ಅದಕ್ಕಿಂತ ಮೊದಲೇ, 46ರ ಆಸುಪಾಸು. ಅದಕ್ಕೂ ಕೆಲವು ವರ್ಷ ಮುಂಚಿನಿಂದಲೇ ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು, ಸಿಡುಕು ಶುರುವಾಗುತ್ತವೆ. ಇಷ್ಟನ್ನು ಹೇಳಿ, ಗಂಡಸರು ಕೂತಿದ್ದಾರೆ ಅನ್ನುವ ಸಂಕೋಚಕ್ಕೋ ಏನೋ, ಬೇಗ ಮುಗಿಸಿದರು. ಗಂಡಸರು ಕೂತಿದ್ದರು ಅನ್ನುವ ಕಾರಣಕ್ಕೇ ಇನ್ನೊಂದು ಗಂಟೆ ಹೇಳಬೇಕಿತ್ತು. ನಮ್ಮ ಕಡೆ ಮೇ ತಿಂಗಳ ಬಿಸಿಲಿನಲ್ಲಿ ಆರೋಗ್ಯ ಗಟ್ಟಿ ಇದ್ದವರಿಗೇ ರಾತ್ರಿ ನಿದ್ದೆ ಹತ್ತುವುದಿಲ್ಲ. ಒಳಗಿನಿಂದಲೂ ಮೈ ಉರಿಯುವ ಹೆಂಗಸು ನಸುಕಿಗೇ ಎದ್ದು ರೊಟ್ಟಿ ಬಡಿದು ಡಬ್ಬಿ ಕಟ್ಟಬೇಕು. ಅವಳು ಸಿಡುಕಿದರೆ ಮಾತ್ರ ಮನೆಯವರಿಗೆಲ್ಲ ಕಾಣುತ್ತದೆ. ಮಕ್ಕಳ ಹಾರ್ಮೋನಿಗೆ ಇಷ್ಟೊಂದು ಪಾಠ ಇಟ್ಟವರು ತಾಯಂದಿರ ಹಾರ್ಮೋನಿಗೂ ಇಡಬೇಕು.

ಇದಕ್ಕೆ ಹೊಂದಿಕೊಂಡದ್ದೇ ಇನ್ನೊಂದು ಮಾತು. ಪಾಠದಲ್ಲಿ ಬಂದ ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ಗಂಡಸರದ್ದೇ. 1938ರಲ್ಲಿ ಶುರುವಾದ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ ತುಂಬಾ ದೀರ್ಘ ಕಾಲದ್ದು, ಒಳ್ಳೆಯ ನಂಟುಗಳಿದ್ದವರು ಮುಪ್ಪಿನಲ್ಲೂ ಆರೋಗ್ಯವಾಗಿ ಸಂತೋಷವಾಗಿರುತ್ತಾರೆ ಅಂತ ತೋರಿಸಿಕೊಟ್ಟಿತು. ಆದರೆ ಮೊದಲು ಸೇರಿಸಿಕೊಂಡದ್ದು ಬರೀ ಗಂಡಸರನ್ನು. ಡೇನಿಯಲ್ ಲೆವಿನ್ಸನ್ ನಡುವಯಸ್ಸಿನ ಬಗ್ಗೆ 1978ರಲ್ಲಿ ಬರೆದದ್ದೂ 40 ಗಂಡಸರನ್ನು ಮಾತಾಡಿಸಿ. ಮೇಡಂ ಇದನ್ನು ಮುಚ್ಚಿಡಲಿಲ್ಲ, ತಾವೇ ಹೇಳಿದರು. ಅದಕ್ಕೆ ಮೆಚ್ಚುಗೆ ಇದೆ. ಆದರೆ ನಮ್ಮ ಕಡೆಯ ಹೆಂಗಸರ ಬದುಕಿನ ಉದಾಹರಣೆಗಳನ್ನು ತಂದು ಆ ಜಾಗ ತುಂಬಬಹುದಿತ್ತು. ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರೇ ಇದ್ದೆವು, ಕೇಳಿದ್ದರೆ ಹೇಳುತ್ತಿದ್ದೆವು.

ಜಾಗದ ಬಗ್ಗೆ: ಪ್ಲಾಸ್ಟಿಕ್ ಕುರ್ಚಿ, ಎರಡು ಫ್ಯಾನು, ಕರೆಂಟು ಹೋದರೆ ಏನೂ ಇಲ್ಲ. ಲಿಫ್ಟ್ ಇಲ್ಲ, ಮೊಣಕಾಲು ನೋವಿದ್ದವರಿಗೆ ಕಷ್ಟ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಇವರೂ ಬೇಸಿಗೆ ಬ್ಯಾಚನ್ನು 8ಕ್ಕೆ ಇಟ್ಟರೆ ಒಳ್ಳೆಯದು. ಕೊಡುವ ಝೆರಾಕ್ಸ್ ಟಿಪ್ಪಣಿ ಸರಳ ಕನ್ನಡದಲ್ಲಿದೆ, ಅಕ್ಷರ ದೊಡ್ಡದಾಗಿದೆ.

ಕೊನೆಯ ಭಾನುವಾರ ಎಲ್ಲಿಗೆ ಹೋಗಬೇಕು ಅಂತ ಒಂದು ಪುಟ ಕೊಟ್ಟರು. ಇದು ಕ್ಲಾಸಿಗೆ ಬರದವರಿಗೂ ಗೊತ್ತಿರಲಿ. ಹದಿಹರೆಯದವರ ಆರೋಗ್ಯಕ್ಕೆ ಕೇಂದ್ರ ಸರ್ಕಾರದ ಕಾರ್ಯಕ್ರಮ 2014ರಿಂದ ಇದೆ. ಅದರ ಅಡಿ ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಅಂತ ನಡೆಯುತ್ತವೆ. ಮುಟ್ಟಿನ ತೊಂದರೆ, ರಕ್ತಹೀನತೆ, ಮನಸ್ಸಿನ ಬೇಸರ ಏನಿದ್ದರೂ ಅಲ್ಲಿ ಮಕ್ಕಳು ಮಾತಾಡಬಹುದು. ಮನಸ್ಸಿಗೆ ಸಂಬಂಧಿಸಿದ್ದಕ್ಕೆ ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. ಅದು 2022ರ ಅಕ್ಟೋಬರ್ 10ಕ್ಕೆ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇನ್ನು 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದೆ. ಮಗನ ಕ್ಯಾಲ್ಸಿಯಂ, ಮಗಳ ಹಿಮೋಗ್ಲೋಬಿನ್ ಅಂತ ಓಡಾಡುವ ತಾಯಂದಿರು ತಮ್ಮ ಬಿಪಿ ಎಷ್ಟಿದೆ ಅಂತ ನೋಡಿಸಿರುವುದಿಲ್ಲ. ನಮ್ಮ ಬ್ಯಾಚಿನವರು ಕೆಲವರು ಸೇರಿ ಮುಂದಿನ ವಾರವೇ ಹೋಗಿ ನೋಡಿಸಿಕೊಂಡು ಬಂದೆವು.

ಯಾರಿಗೆ ಬೇಡ ಅಂದರೆ, ಮಗ ಮಾತು ಕೇಳುವ ಹಾಗೆ ಮಾಡುವ ಉಪಾಯ ಹುಡುಕಿಕೊಂಡು ಬರುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಮಗು ತನಗೇ ಏನಾದರೂ ಮಾಡಿಕೊಂಡೀತು ಅನ್ನುವ ಭಯ ಇರುವವರು ಕ್ಲಾಸಿಗೆ ಕಾಯಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ಮೇಡಂ ಕೂಡ ಮೊದಲ ದಿನವೇ ಇದನ್ನು ಬಿಡಿಸಿ ಹೇಳುತ್ತಾರೆ. ಬಿಎಡ್, ಟಿಇಟಿ ಓದುತ್ತಿರುವವರಿಗೆ ಖಂಡಿತ ಉಪಯೋಗ ಆಗುತ್ತದೆ. ಹೈಸ್ಕೂಲು ಶಿಕ್ಷಕರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ ಇನ್ನೂ ಜಾಸ್ತಿ.

ಸೀಟು ಮೂವತ್ತೇ, ಬೇಗ ತುಂಬುತ್ತವೆ. ಮುಂದಿನ ಬ್ಯಾಚು ದ್ವಿತೀಯ ಪಿಯು ಪರೀಕ್ಷೆ ಮುಗಿದ ಮೇಲೆ ಶುರು. ಹೆಸರು ಬರೆಸುವಾಗ 20ರಿಂದ 40ರ ಪಾಠಕ್ಕೆ ಎರಡು ಭಾನುವಾರ ಬೇಕು, ಮುಟ್ಟು ನಿಲ್ಲುವ ಪಾಠಕ್ಕೆ ಒಂದು ಪೂರ್ತಿ ಭಾನುವಾರ ಬೇಕು ಅಂತ ನೀವೂ ಹೇಳಿ. ನಾಲ್ಕು ಜನ ಕೇಳಿದರೆ ಇಡುತ್ತಾರೆ.